ಹಾಳೆ ತಟ್ಟೆ ಸ್ಟಾಕ್: ಒಂದು ಖಾಲಿ, ಇನ್ನೊಂದು ರಾಶಿ

ಶಿವಮೊಗ್ಗದ ಹತ್ತಿರ ನಮ್ಮದು ಅಡಿಕೆ ಹಾಳೆ ತಟ್ಟೆಯ ಸಣ್ಣ ಘಟಕ. ಮದುವೆ ಸೀಸನ್‌ನಲ್ಲಿ 12 ಇಂಚಿನ ಊಟದ ತಟ್ಟೆ ಖಾಲಿ. 6 ಇಂಚಿನದು ಗೋಡೌನ್ ತುಂಬ. ಮಳೆ ಹಿಡಿದ ಮೇಲೆ ಆ ರಾಶಿಗೆಲ್ಲ ಬೂಸ್ಟು.

ಮೊದಲು ಹಾಳೆಯನ್ನೇ ಜಾಸ್ತಿ ತರಿಸಿದೆ. ಬೂಸ್ಟು ಹಿಡಿಯೋಕೆ ಮಾಲು ಜಾಸ್ತಿ ಆಯಿತು, ಅಷ್ಟೇ. ಆಮೇಲೆ ಹಿಂದಿನ 3 ತಿಂಗಳ ಸರಾಸರಿ ನೋಡಿ ಒತ್ತಿಸಿದೆ. ವೈಶಾಖದ ಲೆಕ್ಕ ಆಷಾಢಕ್ಕೆ ಹಾಕಿದರೆ ಏನಾಗುತ್ತೆ ಹೇಳಿ! ಹೋದ ವರ್ಷದ ಅದೇ ಇಂಗ್ಲಿಷ್ ತಿಂಗಳು ನೋಡಿದ್ದೂ ಕೈಕೊಟ್ಟಿತು. 2023ರಲ್ಲಿ ಅಧಿಕ ಶ್ರಾವಣ ಬಂದು ಶ್ರಾವಣದ ಆರ್ಡರೆಲ್ಲ ಒಂದು ತಿಂಗಳು ಮುಂದೆ ಹೋಗಿತ್ತು.

ಸರಿಹೋಗಿದ್ದು ಹೀಗೆ. ಎಕ್ಸೆಲ್‌ನಲ್ಲಿ ಒಂದೊಂದು ಅಳತೆಗೆ ಒಂದೊಂದು ಸಾಲು ಮಾಡಿದೆ. ‘ಒಟ್ಟು ತಟ್ಟೆ’ ಅನ್ನೋ ಲೆಕ್ಕವನ್ನೇ ಕಿತ್ತುಹಾಕಿದೆ. ಹಳೆ ಬಿಲ್‌ಗಳನ್ನು ಪಂಚಾಂಗದ ಮಾಸದ ಪ್ರಕಾರ ಜೋಡಿಸಿದೆ, ವೈಶಾಖಕ್ಕೆ ವೈಶಾಖ. ಆ ಮಾಸದಲ್ಲಿ ಒಂದು ದಿನಕ್ಕೆ ಅತಿ ಹೆಚ್ಚು ಹೋದದ್ದನ್ನು, ಮಾಲು ತಯಾರಾಗಲು ಹಿಡಿದ ಅತಿ ಹೆಚ್ಚು ದಿನಗಳಿಂದ ಗುಣಿಸಿದೆ. 12 ಇಂಚಿಗೆ 600 × 10 = 6,000. ಈ 10 ದಿನದಲ್ಲಿ ತೀರ್ಥಹಳ್ಳಿ ಕಡೆಯಿಂದ ಹಾಳೆ ಬರುವುದು, ನೆನೆಸುವುದು, ಒತ್ತುವುದು, ಒಣಗಿಸುವುದು ಎಲ್ಲ ಸೇರಿದೆ. ಸುಮ್ನೆ ಗಾಡಿ ಬರುವ ದಿನ ಮಾತ್ರ ಹಿಡಿಯಬೇಡಿ, ನಾನು ಎಡವಿದ್ದೇ ಅಲ್ಲಿ.

ಸ್ಟಾಕ್ 6,000ಕ್ಕೆ ಇಳಿದ ದಿನವೇ ಹಾಳೆಗೆ ಫೋನ್. ಮಾಮೂಲಿಯಾಗಿ ದಿನಕ್ಕೆ 400 ತಟ್ಟೆ ಹೋಗುತ್ತೆ, ಮಾಲು ತಯಾರಾಗಲು 7 ದಿನ: 400 × 7 = 2,800. ಉಳಿದ 3,200 ಆಪತ್ತಿಗೆ. ಬುಕ್ ಆಗಿ ಇನ್ನೂ ಕಳಿಸದ ಆರ್ಡರನ್ನು ಸ್ಟಾಕಿನಿಂದ ಮೊದಲೇ ಕಳೆಯಿರಿ, ದಾರಿಯಲ್ಲಿರುವ ಮಾಲನ್ನು ಕೂಡಿಸಿ. ಆಷಾಢಕ್ಕೆ ಬೇರೆ ಅಂಕಿ: 12 ಇಂಚಿಗೆ 1,500 ಸಾಕು.