ವರ್ಚುವಲ್ ಮೆಷೀನ್‌ಗೆ ಇರೋ ಕೋರ್ ಎಲ್ಲಾ ಕೊಟ್ಟುಬಿಡಬೇಡಿ

ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುವಲ್ ಮೆಷೀನ್, ಓಡಿಸುವ ಸಾಫ್ಟ್‌ವೇರ್) ಉಬುಂಟು ಲಿನಕ್ಸ್ ಹಾಕಿಕೊಂಡು ಲ್ಯಾಪ್‌ಟಾಪ್ ಆಮೆ ಥರ ಆಯ್ತು ಅಂತ ಬೈಯುತ್ತಿರುವವರಿಗೆ ಈ ಪೋಸ್ಟ್. ನಾನೂ ಅದೇ ತಪ್ಪು ಮಾಡಿದ್ದೆ. ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ 8 ಅಂತ ಕಂಡಿತು, ಜಾಸ್ತಿ ಕೊಟ್ಟರೆ ಜಾಸ್ತಿ ಸ್ಪೀಡ್ ಅಲ್ವಾ ಅಂದುಕೊಂಡು ಎಂಟನ್ನೂ ಕೊಟ್ಟೆ, ಆಮೇಲೆ ಮೌಸ್ ಕೂಡ ತಡೆದು ತಡೆದು ಓಡುತ್ತಿತ್ತು.

ವಿಷಯ ಏನಂದರೆ ಆ 8 ಲಾಜಿಕಲ್ ಪ್ರೊಸೆಸರ್‌ಗಳು, ಅಂದರೆ ಥ್ರೆಡ್. ನಿಜವಾದ ಕೋರ್, ಅಂದರೆ ಸಿಪಿಯು ಒಳಗೆ ಕೆಲಸ ಮಾಡುವ ಭಾಗ, ಇರುವುದು 4. ಒಂದು ಕೋರನ್ನು ಎರಡು ಥ್ರೆಡ್ ಹಂಚಿಕೊಳ್ಳುತ್ತವೆ, ಒಂದೇ ಕೋಣೆಯಲ್ಲಿ ಇಬ್ಬರು ಬಾಡಿಗೆಗೆ ಇದ್ದ ಹಾಗೆ. ವಿಂಡೋಸ್‌ಗೂ ಉಸಿರಾಡಲು ಜಾಗ ಬೇಕು. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಸಿಪಿಯು ಒತ್ತಿದರೆ ಕೋರ್ ಎಷ್ಟು ಅಂತ ಬೇರೆಯಾಗಿಯೇ ಇರುತ್ತದೆ. ಅದರ ಅರ್ಧ ಕೊಡಿ. ನಾನು ಈಗ 2 ಕೊಟ್ಟಿದ್ದೇನೆ, ಆರಾಮಾಗಿದೆ.

ಕೋರ್ ಸಂಖ್ಯೆ ಬದಲಿಸಲು ಮೊದಲು ವರ್ಚುವಲ್ ಮೆಷೀನ್ ಪೂರ್ತಿ ಶಟ್‌ಡೌನ್ ಮಾಡಿ. ಸುಮ್ನೆ ಸೇವ್ ಸ್ಟೇಟ್ (ಇದ್ದ ಹಾಗೇ ನಿಲ್ಲಿಸಿಡುವುದು) ಮಾಡಿಟ್ಟರೆ ಬದಲಿಸಲು ಆಗುವುದಿಲ್ಲ. ಆಮೇಲೆ ವರ್ಚುವಲ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪ್ರೊಸೆಸರ್. ಉಬುಂಟು ಆನ್ ಆದ ಮೇಲೆ ಟರ್ಮಿನಲ್‌ನಲ್ಲಿ 'ಎನ್‌ಪ್ರೊಕ್' (nproc) ಕಮಾಂಡ್ ಹೊಡೆದರೆ ಎಷ್ಟು ಸಿಕ್ಕಿದೆ ಅಂತ ತೋರಿಸುತ್ತದೆ. ಇಷ್ಟಾದರೂ ನಿಧಾನ ಅಂದರೆ ಕೋರ್ ಬಿಡಿ, ರ‍್ಯಾಮ್ ನೋಡಿ.

ಇನ್ನೊಂದು, ಮಡಿಕೇರಿ ಮಳೆಗಾಲದ ಕರೆಂಟ್ ಗೊತ್ತಲ್ಲ. ಬ್ಯಾಟರಿಯಲ್ಲಿ ಇದ್ದಾಗ ಬ್ಯಾಕ್‌ಗ್ರೌಂಡ್‌ನಲ್ಲಿ ವರ್ಚುವಲ್ ಮೆಷೀನ್ ಓಡಿಸುತ್ತಾ ಕೂರಬೇಡಿ. ಕೆಲಸ ಮುಗಿದ ತಕ್ಷಣ ಆಫ್ ಮಾಡಿ.