ರೆಕಾರ್ಡಿಂಗ್ ನಡೀತಿರುವಾಗ ಯಾರೋ ಆಫ್ ಬಟನ್ ಒತ್ತಿದರೆ

ಮನೆಯ ರೆಕಾರ್ಡರ್‌ಗೆ ರೆಕಾರ್ಡ್ ಮಾಡುವುದನ್ನು ಕಲಿಸುವುದು ಸುಲಭ. ಆಫ್ ಆಗುವುದನ್ನು ಕಲಿಸುವುದೇ ಕಷ್ಟ. ನನ್ನದು ಹಳೆಯ ಡೆಸ್ಕ್‌ಟಾಪ್. ಒಳಗೊಂದು ಉಪಗ್ರಹ ಟಿವಿ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಕಾರ್ಡ್, ಮಹಡಿಯ ಮೇಲೆ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದ ಕಡೆ ಮುಖ ಮಾಡಿದ ದೂರದರ್ಶನದ ಫ್ರೀ ಡಿಶ್. ಲಿನಕ್ಸ್ ಮೇಲೆ ಓಡುವ ತಂತ್ರಾಂಶ ವಿಡಿಆರ್, ಜರ್ಮನಿಯ ಕ್ಲೌಸ್ ಶ್ಮಿಡಿಂಗರ್ 2000ದಲ್ಲಿ ಶುರುಮಾಡಿದ್ದು. ಚಂದನದಲ್ಲಿ ಬರುವ ಸಂಗೀತ ಕಛೇರಿಗಳನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ಅದಕ್ಕಾಗಿ ದಿನವಿಡೀ ಪೆಟ್ಟಿಗೆ ಉರಿಸಿದರೆ ಕರೆಂಟ್ ಬಿಲ್ ಏರುತ್ತದೆ, ಆರಿಸಿಟ್ಟರೆ ಕಛೇರಿ ಕೈತಪ್ಪುತ್ತದೆ.

ರೆಕಾರ್ಡಿಂಗ್ ನಡುವೆ ಆಫ್ ಮಾಡಲು ಹೋದರೆ ಹೆಚ್ಚಿನ ತಂತ್ರಾಂಶಗಳು ಪರದೆಯ ಮೇಲೆ "ಖಚಿತವೇ?" ಎಂದು ಕೇಳುತ್ತವೆ. ಕೇಳುವುದಾದರೂ ಯಾರನ್ನು? ಅಷ್ಟರಲ್ಲಿ ಟಿವಿ ಆರಿಸಿಯಾಗಿರುತ್ತದೆ. ಇಲ್ಲಿ ವಿಡಿಆರ್ ಜಾಣತನ ತೋರಿಸಿದೆ. ಪವರ್ ಒತ್ತಿದರೆ "ಆಮೇಲೆ ಆಫ್ ಆಗುತ್ತೇನೆ, ಈಗಲೇ ಬೇಕಿದ್ದರೆ ಇನ್ನೊಮ್ಮೆ ಒತ್ತಿ" ಎಂಬರ್ಥದ ಸಂದೇಶ ತೋರಿಸಿ ಐದು ಸೆಕೆಂಡ್ ಕಾಯುತ್ತದೆ. ಯಾರೂ ಏನೂ ಮಾಡದಿದ್ದರೆ ರೆಕಾರ್ಡಿಂಗ್ ಮುಗಿಸಿಕೊಂಡು ತಾನಾಗಿ ಆಫ್ ಆಗುತ್ತದೆ. ಮುಂದಿನ ಅರ್ಧ ಗಂಟೆಯೊಳಗೆ ಟೈಮರ್ (ಮೊದಲೇ ನಿಗದಿ ಮಾಡಿಟ್ಟ ರೆಕಾರ್ಡಿಂಗ್) ಇದ್ದರೂ ಇದೇ ನಿಯಮ. ಒತ್ತಿದವರ ಮೌನಕ್ಕೆ "ಆಮೇಲೆ" ಎಂದು ಅರ್ಥ ಮಾಡಿಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ. ಕೆಲಸ ಒಪ್ಪಿಸಿ ಮಲಗಲು ಹೋದವರನ್ನು ಎಬ್ಬಿಸಿ ಸಹಿ ಕೇಳಬಾರದು.

ಆದರೆ ಮನೆಮಂದಿ ಸಂದೇಶ ಓದುವುದಿಲ್ಲ. ದೀಪ ಉರಿಯುತ್ತಿದೆಯೇ ಎಂದು ನೋಡುತ್ತಾರೆ, ಉರಿಯುತ್ತಿದ್ದರೆ ಮತ್ತೆ ಒತ್ತುತ್ತಾರೆ. "ಇದೇನೋ ಇನ್ನೂ ಗುಂಯ್ ಅಂತಿದೆ" ಎಂದು ಅಪ್ಪ ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸುವುದುಂಟು. ಹಾಗಾಗಿ ಪೆಟ್ಟಿಗೆ ಆಫ್ ಆಗದಿದ್ದರೂ ಆಫ್ ಆದಂತೆ ಕಾಣಬೇಕು. ಮುಂಭಾಗದ ಪವರ್ ಎಲ್‌ಇಡಿಯ ವೈರನ್ನು ಮದರ್‌ಬೋರ್ಡ್‌ನಿಂದ ಕಿತ್ತೆ. ಪೆಟ್ಟಿಗೆಯ ಬಟನ್ ಒತ್ತಿದಾಗ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ನೇರವಾಗಿ ಆಫ್ ಮಾಡದಂತೆ ತಡೆದು, ಒತ್ತಿದ್ದನ್ನು ವಿಡಿಆರ್‌ಗೆ ರಿಮೋಟಿನ ಪವರ್ ಕೀ ಎಂಬಂತೆ ದಾಟಿಸಿದೆ. ಜೊತೆಗೇ ವಿಡಿಯೋ ಔಟ್‌ಪುಟ್ ನಿಲ್ಲಿಸುವ ಆದೇಶವೂ ಹೋಗುತ್ತದೆ. ಪರದೆ ಕಪ್ಪಾಗುತ್ತದೆ, ಒಳಗೆ ಕಛೇರಿ ಸಾಗುತ್ತಿರುತ್ತದೆ.

ಪಟ್ಟು ಹಿಡಿದು ಮತ್ತೆ ಮತ್ತೆ ಒತ್ತುವವರಿಗೂ ಉಪಾಯವಿದೆ. ಆಫ್ ಮಾಡುವ ಮುನ್ನ ವಿಡಿಆರ್ ನಾವು ಬರೆದ ಸ್ಕ್ರಿಪ್ಟನ್ನು ಕರೆದು ಐದು ಮಾಹಿತಿ ಕೊಡುತ್ತದೆ: ಮುಂದಿನ ಟೈಮರ್‌ನ ಸಮಯ, ಅದಕ್ಕಿರುವ ಸೆಕೆಂಡ್‌ಗಳು, ಚಾನೆಲ್, ಶೀರ್ಷಿಕೆ, ಆಫ್ ಮಾಡಲು ಹೇಳಿದ್ದು ಮನುಷ್ಯರೋ ಅಲ್ಲವೋ ಎಂಬುದು. ಸೆಕೆಂಡ್‌ಗಳು ಮೈನಸ್‌ನಲ್ಲಿದ್ದರೆ ರೆಕಾರ್ಡಿಂಗ್ ನಡೆಯುತ್ತಿದೆ ಎಂದರ್ಥ. ಆಗ ನನ್ನ ಸ್ಕ್ರಿಪ್ಟ್ ಏನೂ ಮಾಡದೆ ಮರಳುತ್ತದೆ. ವಿಡಿಆರ್ ತನ್ನ ಪಾಡಿಗೆ ಮುಂದುವರಿದು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ.

ಹೊತ್ತಿಗೆ ಸರಿಯಾಗಿ ಎಬ್ಬಿಸುವುದು ಮದರ್‌ಬೋರ್ಡಿನ ಗಡಿಯಾರದ ಕೆಲಸ. ಸ್ಕ್ರಿಪ್ಟ್ ಟೈಮರ್‌ಗಿಂತ ಹತ್ತು ನಿಮಿಷ ಮುಂಚಿನ ಸಮಯವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನ ವೇಕ್‌ಅಲಾರಂ ಫೈಲಿಗೆ ಬರೆಯುತ್ತದೆ. ಮೊದಲು ಸೊನ್ನೆ ಬರೆದು ಹಳೆಯ ಅಲಾರಂ ಅಳಿಸಬೇಕು, ಇಲ್ಲದಿದ್ದರೆ ಹೊಸದನ್ನು ಅದು ಒಪ್ಪುವುದಿಲ್ಲ. ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆ ಆನ್ ಇದ್ದರೆ ಅನೇಕ ಬೋರ್ಡ್‌ಗಳು ಅಲಾರಂಗೆ ಏಳುವುದೇ ಇಲ್ಲ. ಅದನ್ನು ಆಫ್ ಮಾಡಿ.

ಇಷ್ಟೆಲ್ಲ ಆದ ಮೇಲೂ ನಮ್ಮೂರಲ್ಲಿ ಉಳಿಯುವ ಪ್ರಶ್ನೆ ಕರೆಂಟಿನದು. ಯುಪಿಎಸ್ ಬ್ಯಾಟರಿ ತಳ ಕಂಡಾಗ ರೆಕಾರ್ಡಿಂಗ್ ನೆಪ ಹೇಳಿ ತಡೆಯುವುದು ಶುದ್ಧ ಮೂರ್ಖತನ. ತಡೆದರೆ ಫೈಲ್ ಸಿಸ್ಟಮ್‌ಗೇ ಪೆಟ್ಟು. ಅಪ್‌ಡೇಟ್ ಆಗಿ ತಾನೇ ರೀಬೂಟ್ ಆಗಲು ಹೊರಡುವ ವ್ಯವಸ್ಥೆಯನ್ನು ಆಫ್ ಆಗುವುದನ್ನು ತಡೆಯುವ ಸಿಸ್ಟಮ್‌ಡಿಯ ಇನ್‌ಹಿಬಿಟ್ ಲಾಕ್‌ನಿಂದ ಕಟ್ಟಿಹಾಕಿದ್ದೇನೆ, ಆದರೆ ಯುಪಿಎಸ್ ಮಾತಿಗೆ ಆ ಲಾಕ್ ಅಡ್ಡ ಬರಬಾರದು. ಯುಪಿಎಸ್ ಮೇಲೆ ಕಣ್ಣಿಡುವ ನಟ್ ತಂತ್ರಾಂಶ 'ಲೋ ಬ್ಯಾಟರಿ' ಎಂದ ಕೂಡಲೇ ವಿಡಿಆರ್‌ಗೆ 'ಕೆಲಸ ಮುಗಿಸು' ಎನ್ನುವ ಟರ್ಮ್ ಸಿಗ್ನಲ್, ಆಮೇಲೆ ಲಾಕ್ ಲೆಕ್ಕಿಸದೆ ಪವರ್‌ಆಫ್. ಅಲ್ಲಿಯವರೆಗೆ ಹಿಡಿದದ್ದು ಕೆಡುವುದಿಲ್ಲ. ವಿಡಿಆರ್ ಬರೆಯುವುದು ಟಿಎಸ್ ಫೈಲ್, 188 ಬೈಟ್‌ಗಳ ಪ್ಯಾಕೆಟ್‌ಗಳ ಸಾಲು, ಎಲ್ಲಿ ಕಡಿದರೂ ಅಲ್ಲಿವರೆಗೆ ಓಡುತ್ತದೆ. ಮಾಮೂಲಿ ಎಂಪಿ4 ಆಗಿದ್ದರೆ ಸೂಚಿ ಬರೆಯುವುದು ಕೊನೆಯಲ್ಲಿ, ನಡುವೆ ನಿಂತರೆ ಇಡೀ ಫೈಲ್ ತೆರೆಯಲು ಹೆಣಗಾಡಬೇಕು. ನೇರ ರೆಕಾರ್ಡಿಂಗ್‌ಗೆ ಅದನ್ನು ಆರಿಸಲೇಬೇಡಿ.

ಕರೆಂಟ್ ಹತ್ತೇ ನಿಮಿಷದಲ್ಲಿ ಬಂದರೆ? ಬಯಾಸ್‌ನಲ್ಲಿ ವಿದ್ಯುತ್ ಮರಳಿದಾಗ ಆನ್ ಆಗುವ ಆಯ್ಕೆ ಹಾಕಿದ್ದರೆ ಸಾಕೆನಿಸುತ್ತದೆ, ಸಾಲದು. ಕಂಪ್ಯೂಟರ್ ಆಫ್ ಆಗಿ ಯುಪಿಎಸ್ ಇನ್ನೂ ಪೂರ್ತಿ ನಿಂತಿಲ್ಲ, ಅಷ್ಟರಲ್ಲಿ ಕರೆಂಟ್ ಬಂತು ಎನ್ನಿ. ಬೋರ್ಡ್‌ನ ಮಟ್ಟಿಗೆ ವಿದ್ಯುತ್ ಹೋಗಿಯೇ ಇಲ್ಲ, ಹಾಗಾಗಿ ಅದು ಏಳುವುದೂ ಇಲ್ಲ. ಟೈಮರ್‌ನ ಸಮಯ ಆಗಲೇ ಕಳೆದಿರುವುದರಿಂದ ಮಾಮೂಲಿ ಅಲಾರಂ ಕೂಡ ಪ್ರಯೋಜನಕ್ಕಿಲ್ಲ. ಅದಕ್ಕೇ ಯುಪಿಎಸ್ ಕಾರಣಕ್ಕೆ ಆಫ್ ಆಗುವಾಗ ಈಗಿನಿಂದ ಹತ್ತು ನಿಮಿಷಕ್ಕೊಂದು ಅಲಾರಂ ಇಡಿಸುತ್ತೇನೆ. ಎದ್ದಾಗ ಇನ್ನೂ ಬ್ಯಾಟರಿ ಮೇಲೇ ಇದ್ದು ಅದು ತಳ ಮುಟ್ಟಿದ್ದರೆ ನಟ್ ಮತ್ತೆ ಮಲಗಿಸುತ್ತದೆ. ಕರೆಂಟ್ ಇದ್ದು ಕಾರ್ಯಕ್ರಮದ ಹೊತ್ತು ಮುಗಿದಿಲ್ಲದಿದ್ದರೆ ವಿಡಿಆರ್ ಅದೇ ಫೋಲ್ಡರ್‌ನಲ್ಲಿ 00002 ಸಂಖ್ಯೆಯ ಫೈಲ್ ತೆರೆದು ಮುಂದುವರಿಯುತ್ತದೆ. ನೋಡುವಾಗ ರಾಗದ ನಡುವೆ ಒಂದು ಜಿಗಿತ, ಅಷ್ಟೇ.

ಕರೆಂಟ್ ಬಂದು ತಾನಾಗಿ ಎದ್ದ ಪೆಟ್ಟಿಗೆಯನ್ನು ಮನುಷ್ಯರೇ ಆನ್ ಮಾಡಿದರೆಂದು ವಿಡಿಆರ್ ಭಾವಿಸುತ್ತದೆ. ತಾನಿಟ್ಟ ಅಲಾರಂ ಸಮಯಕ್ಕೆ ಹೊಂದದ ಯಾವ ಆರಂಭವೂ ಅದರ ಲೆಕ್ಕದಲ್ಲಿ ಹಾಗೆಯೇ. ಹಾಗಾಗಿ ಅದು ಕೂಡಲೇ ಆಫ್ ಆಗುವುದಿಲ್ಲ. ಬಳಕೆಯಿಲ್ಲದೆ ಆಫ್ ಆಗುವ ಮುನ್ನ ಕಾಯುವ ಅವಧಿ ಮೂಲದಲ್ಲಿ 300 ನಿಮಿಷ, ನಾನು 30ಕ್ಕೆ ಇಳಿಸಿದ್ದೇನೆ. ಸಿನಿಮಾ ನೋಡುತ್ತಾ ರಿಮೋಟ್ ಮುಟ್ಟದವರಿಗೆ ಆಗಾಗ "ಆಫ್ ಆಗಲಿದೆ" ಎಂಬ ಸಂದೇಶ ಕಾಣುತ್ತದೆ, ಯಾವುದಾದರೂ ಕೀ ಒತ್ತಲು ಐದು ನಿಮಿಷ ಸಮಯವಿದೆ. ಮನೆಯಲ್ಲಿ ಇದರ ಬಗ್ಗೆ ಗೊಣಗಾಟ ಇದೆ, ನಾನು ಬದಲಿಸಿಲ್ಲ.