ಹಳದಿ ಪೇಂಟಿಗೆ ಲಕ್ಷ ಕೊಡಬೇಡಿ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ಆಪ್ಷನ್ ಆರಿಸುವುದು ಹೇಗೆ?

ಕಳೆದ ಆಟಿ ತಿಂಗಳಲ್ಲಿ ಮಂಗಳೂರಿನ ಬಿಜೈಯ ಗೆಳೆಯರೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. ಹದಿನೆಂಟು ವರ್ಷ ದುಬೈಯಲ್ಲಿ ದುಡಿದು ಬಂದವರು. ಹಿಂದಿನ ವಾರವಷ್ಟೇ ಹೊರರಾಜ್ಯದಿಂದ ಹಳೆಯ ಪೋರ್ಷೆ 911 ಒಂದನ್ನು ತಂದಿದ್ದರು. "ಮಾರಾಯ್ರೆ, ಒಮ್ಮೆ ಬಂದು ಹೋಗ್ತೀರಾ? ಬ್ರೇಕಿಗೆ ಎಂಥದೋ ಆಗಿದೆ" ಎಂದರು. ಹೋದೆ. ರಾತ್ರಿಯಿಡೀ ಮಳೆ ಹೊಡೆದ ಅಂಗಳದಲ್ಲಿ ಕಾರು ನಿಂತಿತ್ತು. ಚಕ್ರದೊಳಗೆ ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಹಳದಿ ಕ್ಯಾಲಿಪರ್ ಹೊಳೆಯುತ್ತಿತ್ತು. ಡಿಸ್ಕ್ ಮಾತ್ರ ಗೇರುಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಬ್ರೇಕಿಗೆ ಏನೂ ಆಗಿರಲಿಲ್ಲ. ಕಬ್ಬಿಣದ ಡಿಸ್ಕ್ ನೆನೆದರೆ ಒಂದೇ ರಾತ್ರಿಯಲ್ಲಿ ತೆಳುವಾಗಿ ತುಕ್ಕು ಕೂರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಆದರೆ ಇವರು ಕಬ್ಬಿಣಕ್ಕೆ ಹಣ ಕೊಟ್ಟಿರಲಿಲ್ಲ. ಸೆರಾಮಿಕ್ ಬ್ರೇಕ್ ಎಂದು ನಂಬಿ ಕೆಲವು ಲಕ್ಷ ಜಾಸ್ತಿ ಕೊಟ್ಟಿದ್ದರು. ಸೆರಾಮಿಕ್ ಡಿಸ್ಕ್ ತುಕ್ಕು ಹಿಡಿಯುವುದಿಲ್ಲ. ಪೋರ್ಷೆಯಲ್ಲಿ ಹಳದಿ ಕ್ಯಾಲಿಪರ್ ಅಂದರೆ ಸೆರಾಮಿಕ್ ಎಂದು ಎಲ್ಲರಿಗೂ ಗೊತ್ತು. ಮಾರಿದವರಿಗೂ ಗೊತ್ತಿತ್ತು. ಒಂದು ಡಬ್ಬಿ ಹಳದಿ ಪೇಂಟ್ ಸಾಕಾಯಿತು.

ಇಂಥ ಕಾರು ನೋಡಲು ಜನ ನನ್ನನ್ನು ಬೆಂಗಳೂರು, ಕೊಚ್ಚಿಗೆಲ್ಲ ಕರೆದುಕೊಂಡು ಹೋಗುತ್ತಾರೆ. ಎಂಜಿನ್, ಗೇರ್ ಬಾಕ್ಸ್ ಎಲ್ಲರೂ ನೋಡಿಸುತ್ತಾರೆ. ಎಡವುವುದು ಆಪ್ಷನ್‌ಗಳಲ್ಲಿ. ಹೊಸ ಕಾರು ಬುಕ್ ಮಾಡುವಾಗ ಮೊದಲ ಮಾಲೀಕರು ಹಣ ಕೊಟ್ಟು ಸೇರಿಸಿಕೊಂಡ ಸಲಕರಣೆಗಳೇ ಆಪ್ಷನ್. ಸೆಕೆಂಡ್ ಹ್ಯಾಂಡಿನಲ್ಲಿ ಅವನ್ನು ಆರ್ಡರ್ ಮಾಡಲು ಬರುವುದಿಲ್ಲ, ಇರುವ ಕಾರನ್ನು ಹುಡುಕಬೇಕು. ನಾನು ಜಾಸ್ತಿ ನೋಡಿದ್ದು ಪೋರ್ಷೆಯ 911, ಬಾಕ್ಸ್‌ಸ್ಟರ್, ಕೇಮನ್. ಹಾಗಾಗಿ ಉದಾಹರಣೆಗಳೂ ಅವೇ.

ಮೊದಲು ಸ್ಟಿಕ್ಕರ್, ಆಮೇಲೆ ಕಾರು

911ರಲ್ಲಿ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಆ ಮುಂದಿನ ಮುಚ್ಚಳ ಎತ್ತಿ ಒಳಮೈ ನೋಡಿ. ಅಂಗೈ ಅಗಲದ ಬಿಳಿ ಕಾಗದದ ಸ್ಟಿಕ್ಕರ್ ಅಂಟಿಸಿರುತ್ತದೆ. ಮೇಲೆ ಹದಿನೇಳು ಅಕ್ಷರದ ಚಾಸಿಸ್ ನಂಬರ್, ಕೆಳಗೆ ಬಣ್ಣದ ಕೋಡ್, ಅದರಡಿ ಸಾಲುಸಾಲಾಗಿ ಮೂರು ಅಂಕಿ ಅಥವಾ ಅಕ್ಷರದ ಕೋಡ್‌ಗಳು. ಫ್ಯಾಕ್ಟರಿಯಿಂದ ಆ ಕಾರು ಏನೇನು ಹೊತ್ತುಕೊಂಡು ಹೊರಟಿತು ಎಂಬುದರ ಜಾತಕ ಅದು. ಇದರ ಪ್ರತಿ ಸರ್ವಿಸ್ ಪುಸ್ತಕದಲ್ಲೂ ಇರುತ್ತದೆ. ಎರಡರ ಫೋಟೊ ತೆಗೆದುಕೊಳ್ಳಿ. ಚಾಸಿಸ್ ನಂಬರ್ ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ.

997 ಮತ್ತು 991 ಸರಣಿಯಲ್ಲಿ, ಅಂದರೆ ಸರಿಸುಮಾರು 2004ರಿಂದ 2019ರವರೆಗಿನ 911ಗಳಲ್ಲಿ, ಕೆಲವು ಕೋಡ್ ಬಾಯಿಪಾಠ ಇದ್ದರೆ ಸಾಕು. 450 ಇದ್ದರೆ ಸೆರಾಮಿಕ್ ಬ್ರೇಕ್. 475 ಇದ್ದರೆ ಗಟ್ಟಿ ಮೆದು ಬದಲಿಸಬಹುದಾದ ಸಸ್ಪೆನ್ಷನ್, ಪಾಸ್ಮ್ ಎನ್ನುತ್ತಾರೆ. 541 ಗಾಳಿಯಾಡುವ ಸೀಟು. 342 ಬಿಸಿ ಸೀಟು. 446 ಅಂದರೆ ಚಕ್ರದ ನಡುವಿನ ಮುಚ್ಚಳದಲ್ಲಿ ಬಣ್ಣದ ಲಾಂಛನ. ಹೌದು, ಅದಕ್ಕೂ ಒಂದು ಕೋಡ್, ಅದಕ್ಕೂ ಒಂದು ಬಿಲ್. ಬಿಜೈಯ ಕಾರಿನ ಸ್ಟಿಕ್ಕರ್‌ನಲ್ಲಿ 446 ಇತ್ತು, 450 ಇರಲಿಲ್ಲ.

ಸ್ಟಿಕ್ಕರ್ ಇಲ್ಲವೇ ಇಲ್ಲ ಅಂತಾದರೆ? ಬ್ರೋಕರ್ "ತೊಳೆಯುವಾಗ ಹೋಯ್ತು ಸಾರ್" ಅನ್ನುತ್ತಾರೆ. ಅಷ್ಟು ಸುಲಭಕ್ಕೆ ಹೋಗುವ ಕಾಗದ ಅಲ್ಲ ಅದು. ಮುಚ್ಚಳ ಬದಲಿಸಿದ್ದಾರೆ ಅಥವಾ ಬಿಚ್ಚಿ ಪೇಂಟ್ ಮಾಡಿದ್ದಾರೆ, ಅಂದರೆ ಮುಂದಿನಿಂದ ಎಲ್ಲೋ ಗುದ್ದಿದೆ ಎಂದೇ ಮೊದಲು ಅನುಮಾನಿಸಿ. ಚಾಸಿಸ್ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ ಮೂಲ ಪಟ್ಟಿ ಸಿಗುತ್ತದೆ. ಮಾರುವವರೇ ತರಿಸಿಕೊಡಲಿ.

ಇನ್ನೊಂದು ಆಟ ಇದೆ. ಆ ಮಾದರಿಯಲ್ಲಿ ಹೇಗೂ ಬರುವುದನ್ನು ಆಪ್ಷನ್ ಎಂದು ಬೆಲೆ ಕಟ್ಟುವುದು. 991ರಲ್ಲಿ ಎಸ್ ಎಂಬ ಜಾಸ್ತಿ ಶಕ್ತಿಯ ಮಾದರಿಗೆ ಪಾಸ್ಮ್ ಸ್ಟ್ಯಾಂಡರ್ಡ್. ಅದನ್ನೇ ಬೆರಳು ಮಡಚಿ "ಇದು ಎಕ್ಸ್‌ಟ್ರಾ ಸಾರ್" ಎಂದು ಎಣಿಸಿದವರನ್ನು ನೋಡಿದ್ದೇನೆ. ಆ ವರ್ಷದ ಬೆಲೆಪಟ್ಟಿ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಮೊಬೈಲಿಗೆ ಇಳಿಸಿಕೊಂಡೇ ಹೋಗಿ.

ನಿಮ್ಮ ಮನೆಯ ಏರು ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಮಾಡದವರೆಲ್ಲ ಆಮೇಲೆ ಬಂಪರ್‌ನ ಅಡಿಗೆ ಪೇಂಟ್ ಹೊಡೆಸುತ್ತಾರೆ.

ಮಂಗಳೂರು ಗುಡ್ಡದ ಊರು. ಕದ್ರಿ, ಕುಲಶೇಖರ, ಪದವಿನಂಗಡಿ ಎಲ್ಲಿ ನೋಡಿದರೂ ರಸ್ತೆಯಿಂದ ಅಂಗಳಕ್ಕೆ ಒಂದು ಏರು ಅಥವಾ ಇಳಿಜಾರು. ಸಾಲದ್ದಕ್ಕೆ ಕಾಂಕ್ರೀಟ್ ರಸ್ತೆಯ ಅಂಚು ಒಂದು ಕಡೆ ಗೇಣುದ್ದ ಎತ್ತರ, ಇನ್ನೊಂದು ಕಡೆ ಸಪಾಟು. ಹಂಪ್‌ಗಳ ಕಥೆ ಬೇರೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು ಎಂದಿದೆ. ನಮ್ಮ ಒಳರಸ್ತೆಗಳ ಹಂಪ್ ತೆಂಗಿನಮರ ಅಡ್ಡ ಮಲಗಿಸಿದ ಹಾಗೆ ಇರುತ್ತದೆ.

ಅಳೆಯುವುದು ಕಷ್ಟ ಇಲ್ಲ. ಕಾರು ನೋಡಲು ಹೋದಾಗ ಒಂದು ಟೇಪ್ ಜೇಬಿನಲ್ಲಿರಲಿ. ಎರಡು ಲೆಕ್ಕ ಬರೆದುಕೊಳ್ಳಿ. ಒಂದು, ಮುಂದಿನ ಟಯರ್ ನೆಲಕ್ಕೆ ತಾಗುವ ಜಾಗದಿಂದ ಬಂಪರ್‌ನ ತೀರಾ ಕೆಳಗಿನ ತುಟಿಗೆ ಎಷ್ಟು ದೂರ. ಎರಡು, ಆ ತುಟಿ ನೆಲದಿಂದ ಎಷ್ಟು ಎತ್ತರ. ದೂರ 90 ಸೆಂ.ಮೀ., ಎತ್ತರ 12 ಸೆಂ.ಮೀ. ಬಂತು ಎಂದಿಟ್ಟುಕೊಳ್ಳಿ. ಮನೆಗೆ ಬಂದು ಏರು ಶುರುವಾಗುವ ಜಾಗದಲ್ಲಿ ಒಂದು ಕೋಲಿನ ತುದಿ ಇಟ್ಟು, ರಸಮಟ್ಟ ಮೇಲಿಟ್ಟು ಕೋಲನ್ನು ಕೆಳಗಿನ ಸಪಾಟು ನೆಲದ ಮಟ್ಟಕ್ಕೆ ಹಿಡಿಯಿರಿ. ಏರಿಗೆ ಕೋಲು ಅಡ್ಡ ಬರುತ್ತದೆ ಎಂದಾದರೆ ಪಕ್ಕದ ಗೋಡೆಯ ಮೇಲೆ ಗೆರೆ ಎಳೆಯಿರಿ. ಮನೆ ಕಟ್ಟುವ ಮೇಸ್ತ್ರಿಗೆ ಹೇಳಿದರೆ ಎರಡು ನಿಮಿಷದ ಕೆಲಸ. 90 ಸೆಂ.ಮೀ. ಮುಂದೆ ಏರು ಆ ಮಟ್ಟಕ್ಕಿಂತ ಎಷ್ಟು ಎದ್ದಿದೆ ನೋಡಿ. 12ಕ್ಕಿಂತ ಜಾಸ್ತಿ ಇದ್ದರೆ ಕಾರಿನ ಮೂತಿ ತಾಗುತ್ತದೆ. ದಿನಾ ತಾಗುತ್ತದೆ.

ಈ ಲೆಕ್ಕದ ಮೇಲೆ ಮೂತಿ ಎತ್ತುವ ಆಪ್ಷನ್, ಅಂದರೆ ಫ್ರಂಟ್ ಲಿಫ್ಟ್, ನಿಮಗೆ ಬೇಕೋ ಬೇಡವೋ ಗೊತ್ತಾಗುತ್ತದೆ. ಗುಂಡಿ ಒತ್ತಿದರೆ ಮುಂಭಾಗ ಏಳುತ್ತದೆ. 2019ರ ನಂತರದ 911ರಲ್ಲಿ ಸುಮಾರು 40 ಮಿ.ಮೀ. ಮೇಲಿನ ಉದಾಹರಣೆಯಲ್ಲಿ 12 ಇದ್ದದ್ದು 16 ಆಯಿತು. ಏರು 14 ಬಂದರೆ ಲಿಫ್ಟ್ ಇರುವ ಕಾರೇ ಬೇಕು. 18 ಬಂದರೆ ಲಿಫ್ಟೂ ಉಳಿಸುವುದಿಲ್ಲ, ಮೊದಲು ಮೇಸ್ತ್ರಿಗೆ ಹಣ ಕೊಡಿ. ಲಿಫ್ಟನ್ನು ಆಮೇಲೆ ಹಾಕಿಸಿಕೊಳ್ಳೋಣ ಅನ್ನಬೇಡಿ. ಹೊರಗಿನ ಕಿಟ್ ಹಾಕಿಸಿ ಸೆನ್ಸರ್ ಎಲ್ಲ ಕೆಡಿಸಿಕೊಂಡವರಿದ್ದಾರೆ.

ಲಿಫ್ಟ್ ಇರುವ ಕಾರು ಸಿಕ್ಕಿದರೆ ಮಾರುವವರ ಎದುರೇ ಎತ್ತಿಸಿ. ತುಟಿಯ ಎತ್ತರ ಮೊದಲೊಮ್ಮೆ, ಎತ್ತಿದ ಮೇಲೊಮ್ಮೆ ಅಳೆಯಿರಿ. ಎಡಕ್ಕೂ ಬಲಕ್ಕೂ ಒಂದೇ ಬರಬೇಕು. ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ಅಳೆಯಿರಿ. ಕುಸಿದಿದ್ದರೆ ದುಬಾರಿ ರಿಪೇರಿ ಕಾದಿದೆ. ಎತ್ತಿದ್ದೀರಿ ಎಂದು ಹಂಪ್ ಮೇಲೆ ನೆಟ್ಟಗೆ ಹೋಗಬೇಡಿ, ಓರೆಯಾಗಿಯೇ ಹತ್ತಿಸಿ. ಲಿಫ್ಟ್ ಎತ್ತುವುದು ಮೂತಿ ಮಾತ್ರ, ಹೊಟ್ಟೆ ಅಲ್ಲ.

ಒಂದೊಂದನ್ನೂ ಮೂರು ಪ್ರಶ್ನೆ ಕೇಳಿ

ಇದನ್ನು ಆಮೇಲೆ ಹಾಕಿಸಬಹುದಾ? ನಮ್ಮ ಮಳೆ, ಉಪ್ಪುಗಾಳಿ, ಸೆಕೆಗೆ ತಡೆಯುತ್ತದಾ? ಕೆಟ್ಟರೆ ಎಷ್ಟು? ಮೊದಲನೆಯದಕ್ಕೆ 'ಹೌದು' ಬಂದರೆ ಅದಕ್ಕೆ ಜಾಸ್ತಿ ಕೊಡಬೇಡಿ. ಲಾಂಛನದ ಮುಚ್ಚಳ, ಮ್ಯಾಟ್, ಗೇರ್ ನಾಬ್, ಕಾರ್ಬನ್ ಪಟ್ಟಿ ಎಲ್ಲ ಈ ಗುಂಪಿಗೆ.

ಸೆರಾಮಿಕ್ ಬ್ರೇಕ್ ನಿಜವಾಗಿಯೇ ಇದ್ದರೂ ನಾನು ಬೇಡ ಅನ್ನುತ್ತೇನೆ. ಕಬ್ಬಿಣದ ಡಿಸ್ಕಿಗಿಂತ ಅರ್ಧದಷ್ಟು ಹಗುರ, ರೇಸ್ ಟ್ರ್ಯಾಕಿನಲ್ಲಿ ಅದ್ಭುತ. ನಮಗೆ ಟ್ರ್ಯಾಕ್ ಎಲ್ಲಿದೆ? ನಾಲ್ಕೂ ಡಿಸ್ಕ್ ಬದಲಿಸುವ ಹಣದಲ್ಲಿ ಹೊಸ ಹ್ಯಾಚ್‌ಬ್ಯಾಕ್ ಬಂದೀತು. ಪಂಕ್ಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚುವಾಗ ಡಿಸ್ಕಿನ ಅಂಚಿಗೆ ತಾಗಿಸಿದರೆ ಚಕ್ಕೆ ಏಳುತ್ತದೆ, ಕಬ್ಬಿಣವಾದರೆ ಅದಕ್ಕೆ ಲೆಕ್ಕವೇ ಇಲ್ಲ. ತಗೊಂಡೇ ತೀರುತ್ತೇನೆ ಅನ್ನುವವರು ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಸವೆತದ ವರದಿ ಕೇಳಿ.

ಒಂದೇ ನಟ್ಟಿನ ಚಕ್ರವೂ, ಸೆಂಟರ್ ಲಾಕ್ ಎನ್ನುತ್ತಾರಲ್ಲ ಅದು, ಹಾಗೆಯೇ. ನೋಡಲು ರೇಸ್ ಕಾರಿನ ಹಾಗೆ. ಬಿಗಿಯಲು 600 ನ್ಯೂಟನ್ ಮೀಟರ್ ಬಲ, ಅದಕ್ಕೇ ಆದ ಸಾಕೆಟ್. ಪಡುಬಿದ್ರಿ ಹತ್ತಿರ ರಾತ್ರಿ ಟಯರ್ ಹೋದರೆ ಯಾರ ಹತ್ತಿರ ಇದೆ ಅದು?

ಚಕ್ರ ಚಿಕ್ಕದಿದ್ದಷ್ಟು ಒಳ್ಳೆಯದು. 991ರ ಮೂಲ ಮಾದರಿ ಕರೇರಾಕ್ಕೆ 19 ಇಂಚು, ಮುಂದಿನ ಟಯರ್ 235/40, ಅಂದರೆ 235 ಮಿ.ಮೀ. ಅಗಲ, ಗೋಡೆಯ ಎತ್ತರ ಅದರ ಶೇ 40. ಎಸ್‌ಗೆ 20 ಇಂಚು, 245/35. ಲೆಕ್ಕ ಹಾಕಿ: ಮೊದಲನೆಯದರ ಟಯರ್ ಗೋಡೆ 94 ಮಿ.ಮೀ., ಎರಡನೆಯದು 86. ಎಂಟು ಮಿ.ಮೀ. ರಬ್ಬರ್ ಏನು ಮಹಾ ಅನ್ನಿಸಬಹುದು. ಜುಲೈಯಲ್ಲಿ ನೀರು ತುಂಬಿದ ಹೊಂಡಕ್ಕೆ ಇಳಿದಾಗ ರಿಮ್ ಉಳಿಸುವುದು ಅದೇ ಎಂಟು ಮಿ.ಮೀ. ಪಾಸ್ಮ್ ಬೇಕೇ ಬೇಕು. 'ಪಾಸ್ಮ್ ಸ್ಪೋರ್ಟ್' ಬೇಡ, ಅದು ಇನ್ನೂ 10 ಮಿ.ಮೀ. ತಗ್ಗು.

ಗಾಳಿಯಾಡುವ ಸೀಟು ಕಣ್ಣು ಮುಚ್ಚಿ ತಗೊಳ್ಳಿ. ಬಿಸಿ ಸೀಟಿಗೆ ಹಣ ಕೇಳಿದರೆ ನಕ್ಕುಬಿಡಿ. ಮೇ ತಿಂಗಳಲ್ಲಿ ಹಂಪನಕಟ್ಟೆಯ ಬಿಸಿಲಲ್ಲಿ ಕಾರು ನಿಲ್ಲಿಸಿದರೆ ಅದು ಪುಕ್ಕಟೆ ಸಿಗುತ್ತದೆ. ಪೂರ್ತಿ ಲೆದರ್ ಒಳಾಂಗಣ ಚೆಂದ, ಆದರೆ ಎರಡು ವಾರ ಊರಲ್ಲಿ ಇರದಿದ್ದರೆ ಮಳೆಗಾಲದಲ್ಲಿ ಬೂಷ್ಟು ಬಂದಿರುತ್ತದೆ. ಸ್ಟೀರಿಂಗಿಗೆ ಅಲ್ಕಾಂಟರಾ, ಅಂದರೆ ಮಖಮಲ್ಲಿನಂಥ ಬಟ್ಟೆ, ಬೇಡವೇ ಬೇಡ. ನಮ್ಮ ಬೆವರಿಗೆ ಎರಡು ವರ್ಷದಲ್ಲಿ ಹಳೆಯ ಕಾಲೊರಸಿನ ಹಾಗೆ ಆಗುತ್ತದೆ.

ಸನ್‌ರೂಫ್, ಮಡಚುವ ಚಾವಣಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ಇದು ಆಸೆಯ ವಿಷಯ, ಲೆಕ್ಕದ್ದಲ್ಲ. ಬಾಕ್ಸ್‌ಸ್ಟರ್‌ಗೆ ಇರುವುದೇ ಮಡಚುವ ಚಾವಣಿ, ತಗೊಳ್ಳುವವರಿಗೆ ಬೇರೆ ದಾರಿ ಇಲ್ಲ. ಚಾವಣಿಯ ನೀರು ಹೋಗುವ ತೂತುಗಳಲ್ಲಿ ಎಲೆ ಕಸ ಕಟ್ಟಿದರೆ ನೀರು ಒಳಗೆ ಇಳಿಯುತ್ತದೆ. ಹಳೆಯ ಬಾಕ್ಸ್‌ಸ್ಟರ್‌ಗಳಲ್ಲಿ ಸೀಟಿನ ಕೆಳಗೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೂತಿರುತ್ತದೆ, ಅದು ನೆನೆದರೆ ಕಾರು ಸ್ಟಾರ್ಟೇ ಆಗುವುದಿಲ್ಲ. ಸೀಟಿನಡಿ ಕಾರ್ಪೆಟ್ ಒತ್ತಿ ನೋಡಿ. ಮೂಗು ಹತ್ತಿರ ಒಯ್ಯಿರಿ. ಒದ್ದೆ ಗೋಣಿಯ ವಾಸನೆ ಬಂದರೆ ಎದ್ದು ಬನ್ನಿ.

ಸ್ಪೋರ್ಟ್ಸ್ ಎಕ್ಸಾಸ್ಟ್ ನನ್ನ ದೌರ್ಬಲ್ಯ, ಇದ್ದರೆ ಬಿಡುವುದಿಲ್ಲ. ಗುಂಡಿ ಒತ್ತಿದಾಗ ಸದ್ದು ಥಟ್ಟನೆ ಬದಲಾಗಬೇಕು. ಆಗದಿದ್ದರೆ ಹೊಗೆಯ ದಾರಿ ತೆರೆದು ಮುಚ್ಚುವ ಒಳಗಿನ ರೆಕ್ಕೆ ತುಕ್ಕಿಗೆ ಸಿಕ್ಕಿಕೊಂಡಿರಬಹುದು. ಫ್ಯಾಕ್ಟರಿಯದ್ದೇ ಇರಲಿ. ಹೊರಗಿನ ಸೈಲೆನ್ಸರ್ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡಿ ತಪ್ಪಾಗುತ್ತದೆ, ದಂಡದ ಜೊತೆ ನೆರೆಮನೆಯವರ ಶಾಪವೂ ಬೋನಸ್.

ಸ್ಪೋರ್ಟ್ ಕ್ರೋನೊ, ಅಂದರೆ ಕಾರನ್ನು ಇನ್ನೂ ಚುರುಕು ಮಾಡುವ ಪ್ಯಾಕೇಜ್, ಇದ್ದರೆ ಆಟೊಮ್ಯಾಟಿಕ್ ಗೇರಿನ ಮೊದಮೊದಲ 991 ಕರೇರಾ ನೂರು ಕಿ.ಮೀ. ವೇಗ ಮುಟ್ಟುವುದು 4.6ರ ಬದಲು 4.4 ಸೆಕೆಂಡಿನಲ್ಲಿ. ನಂತೂರು ಸರ್ಕಲ್ಲಿನಲ್ಲಿ ಆ 0.2 ಸೆಕೆಂಡ್ ಏನು ಮಾಡಬೇಕೋ ಗೊತ್ತಿಲ್ಲ. ಆದರೂ ನಾಳೆ ಮಾರುವಾಗ ಬರುವವರು ಡ್ಯಾಶ್‌ಬೋರ್ಡ್ ಮೇಲಿನ ಆ ಗಡಿಯಾರವನ್ನೇ ಮೊದಲು ಹುಡುಕುತ್ತಾರೆ. ಸ್ವಲ್ಪ ಕೊಡಿ, ಜಾಸ್ತಿ ಬೇಡ. ನ್ಯಾವಿಗೇಷನ್ನಿಗೆ ಸೊನ್ನೆ. ತಿರುವಿನ ಕಡೆ ಬೆಳಕು ತಿರುಗಿಸುವ ಹೆಡ್‌ಲೈಟ್, ರಿವರ್ಸ್ ಕ್ಯಾಮೆರಾ ಎರಡಕ್ಕೂ ಖುಷಿಯಿಂದ ಕೊಡಿ. ಆಗುಂಬೆಯ ಹದಿನಾಲ್ಕು ತಿರುವು ಮಂಜಿನಲ್ಲಿ ಇಳಿದವರಿಗೆ ಕಾರಣ ಹೇಳಬೇಕಿಲ್ಲ.

ಕೊನೆಗೆ ಹಣ

ಆಪ್ಷನ್‌ಗಳ ಹೊಸ ಬೆಲೆ ಕೂಡಿಸಿ "ಇಷ್ಟು ಲಕ್ಷದ್ದು ಇದೆ" ಅಂದರೆ ಒಪ್ಪಬೇಡಿ. ಕಾರಿಗಿಂತ ಬೇಗ ಬೆಲೆ ಇಳಿಯುವುದು ಆಪ್ಷನ್‌ಗಳದ್ದೇ. ಹೊರರಾಜ್ಯದ ಕಾರಾದರೆ ಇನ್ನೊಂದು ಪೆಟ್ಟು: ಕೆಎ 19 ಅಥವಾ ಕೆಎ 20 ನಂಬರ್ ಬೇಕಾದರೆ ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಶೇ 18, ಮೇಲೆ ಸೆಸ್. ವಯಸ್ಸಾದಂತೆ ಶೇಕಡಾವಾರು ಇಳಿಯುತ್ತದೆ, ಆದರೆ ಲೆಕ್ಕ ಶುರುವಾಗುವುದು ಕಾರಿನ ಮೂಲ ಬೆಲೆಯಿಂದ. ಮೊದಲ ಮಾಲೀಕರು ಶೋಕಿಗೆ ಹಾಕಿಸಿದ್ದು ಆ ಇನ್‌ವಾಯ್ಸ್‌ನಲ್ಲಿದ್ದರೆ ಅದಕ್ಕೂ ನೀವೇ ತೆರಿಗೆ ಕಟ್ಟುತ್ತೀರಿ. ಹಾಗಾಗಿ ಇನ್‌ವಾಯ್ಸ್ ನೋಡದೆ ಮುಂಗಡ ಕೊಡಬೇಡಿ.

ಕೀ ಎರಡೂ ಕೇಳಿ ತಗೊಳ್ಳಿ. ಹೊರಡುವ ಮೊದಲು ಮುಂದಿನ ಡಿಕ್ಕಿಯ ಟೂಲ್ ಚೀಲ ಬಿಚ್ಚಿಸಿ. ಸ್ಟೆಪ್ನಿ ಇರುವುದಿಲ್ಲ, ಗಾಳಿ ತುಂಬುವ ಪಂಪ್ ಮತ್ತು ಪಂಕ್ಚರ್ ಅಂಟಿನ ಡಬ್ಬಿ ಇರುತ್ತದೆ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ನೋಡಿ. ಅದರ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಉಕ್ಕಿನ ತುಂಡು ಇರಬೇಕು, ಕಳ್ಳರು ಬಿಚ್ಚದಂತೆ ಹಾಕಿದ ವೀಲ್ ಬೋಲ್ಟ್‌ಗಳ ಕೀ ಅದು. ಬಿಜೈಯ ಕಾರಿನಲ್ಲಿ ಅದು ಇರಲಿಲ್ಲ. ಮೊದಲ ಪಂಕ್ಚರ್ ಆದ ದಿನ ಚಕ್ರ ಬಿಚ್ಚಲು ಇಡೀ ಕಾರನ್ನೇ ಲಾರಿ ಮೇಲೆ ಹೇರಿಕೊಂಡು ಹೋಗಬೇಕಾಯಿತು.